ಇಳಿಯುವವರಿದ್ದಾರೆ

ನಾವು ನಾಲ್ವರು. ಕಾಠ್ಮಂಡುವಿನ ಗಲ್ಲಿಗಳಲ್ಲಿ
ಮೂರು ಗಾಲಿಯ ಬ್ಯಾಟರಿ ಟೆಂಪೋ ಓಡಿಸುವವರು.
ಸನುಮಾಯಾ, ಪುತಲಿ, ಫೂಲ್‌ಮಾಯಾ, ನಾನು.
ದಸೈಂ ಹಬ್ಬ ಕಳೆದ ವಾರ
ಚಾರ್ಜಿಂಗ್ ಶೆಡ್ಡಿನ ಟ್ರಾನ್ಸ್‌ಫಾರ್ಮರ್ ಸುಟ್ಟು
ಹನ್ನೊಂದು ವರ್ಷದಲ್ಲಿ ಮೊದಲ ಸಲ
ನಾಲ್ವರಿಗೂ ಒಂದೇ ದಿನ ರಜೆ.

'ಮನೆಯಲ್ಲಿ ಕೂತರೆ ಬಟ್ಟೆ ಒಗೆಯಬೇಕಾಗುತ್ತೆ,
ಹೊಳೆಗೆ ಹೋಗೋಣ' ಅಂದಳು ಪುತಲಿ.
ಹೊಳೆ ನಮ್ಮನ್ನೇ ಒಗೆಯುತ್ತದೆಂದು
ಯಾರಿಗೆ ಗೊತ್ತಿತ್ತು!

ತ್ರಿಶೂಲಿಯ ದಂಡೆ. ನೀಲಿ ರಬ್ಬರಿನ ದೋಣಿ
ಮೆಲುಕು ಹಾಕುವ ಎಮ್ಮೆಯಂತೆ ಮರಳ ಮೇಲೆ.
ದೋಣಿಯ ಹುಡುಗ ಖಿಮ್,
ನಮ್ಮ ಮಕ್ಕಳ ವಯಸ್ಸು, ಹೆಡ್‌ಮಾಸ್ತರರ ಗಂಟಲು:
'ಅಕ್ಕಂದಿರೇ, ಮುಂದೆ ಅಂದರೆ ಮುಂದೆ,
ಹಿಂದೆ ಅಂದರೆ ಹಿಂದೆ,
ಕೂರಿ ಅಂದರೆ ಮೊದಲು ಕೂರಿ,
ದೇವರನ್ನು ಆಮೇಲೆ ಕರೆಯಿರಿ.'

'ಬ್ರೇಕೆಲ್ಲಿ?' ಕೇಳಿದಳು ಸನುಮಾಯಾ.
'ಹಾರ್ನು?'
ಅವನು ಎಲ್ಲರ ಕೈಗೂ ಒಂದೊಂದು ಹುಟ್ಟು ಕೊಟ್ಟ.
ನಾಲ್ಕು ಸ್ಟೇರಿಂಗಿನ ಗಾಡಿ
ನಾನು ಹುಟ್ಟಿದಾಗಿಂದ ಕಂಡಿಲ್ಲ.
ಫೂಲ್‌ಮಾಯಾ ಒಬ್ಬಳೇ ಏನೂ ಕೇಳಲಿಲ್ಲ,
ಹೆಲ್ಮೆಟ್ಟಿನ ಪಟ್ಟಿ ಎರಡು ಸಲ ಬಿಗಿದಳು.

ಮೊದಲ ಮೈಲಿ ನೀರು ಸಾಧು.
ಮೇಲೆ ಹೆದ್ದಾರಿಯಲ್ಲಿ ಸಿಕ್ಕಿಬಿದ್ದ ಲಾರಿಗಳ ಸಾಲು
ಒಂದರ ಬೆನ್ನಿಗೊಂದು ಬೈಯುತ್ತಿತ್ತು.
ನಾವು ಕೈಬೀಸಿದೆವು,
ಸಿಗ್ನಲ್ಲಿಲ್ಲದ ರಸ್ತೆಯಲ್ಲಿ ಹೋಗುವವರ ಗತ್ತಿನಲ್ಲಿ.

ಆಮೇಲೆ ತಿರುವು.
ತಿರುವಿನ ಆಚೆ ಸಾವಿರ ಒನಕೆ ಒಟ್ಟಿಗೇ ಕುಟ್ಟುವ ಸದ್ದು,
ಮೊದಲು ಎದೆಗೆ, ಆಮೇಲೆ ಕಿವಿಗೆ.

'ಮುಂದೆ! ಮುಂದೆ! ಮುಂದೆ!'

ನೀರು ಎದ್ದು ನಿಂತಿತು. ನಾವು ಅದರೊಳಗೆ ಹೊಕ್ಕೆವು.
ದೋಣಿ ರೊಟ್ಟಿಯ ಹಾಗೆ ಮಡಿಚಿತು, ಬಿಚ್ಚಿತು, ಮಡಿಚಿತು,
ಪುತಲಿ ನನ್ನ ಮಡಿಲಲ್ಲಿ,
ನನ್ನ ಮೊಣಕೈ ಸನುಮಾಯಾಳ ಬಾಯಲ್ಲಿ,
ಮೂಗಿನೊಳಗೆ ಇಡೀ ಹಿಮಾಲಯ.
'ನಿಲ್ಸೋ, ನಿಲ್ಸೋ, ನಿಲ್ಸೋ ಮಾರಾಯ!'
ಇಷ್ಟು ವರ್ಷ ಜನ ನಮಗೆ ಕೂಗಿದ್ದನ್ನು
ನಾವು ಆ ಹುಡುಗನಿಗೆ ಕೂಗಿದೆವು.
ಅವನೂ ನಮ್ಮ ಹಾಗೇ
ಕೇಳಿಸಿಯೂ ಕೇಳಿಸದವನಂತೆ ಓಡಿಸಿದ.

ದಾಟಿತು.
ಹಲ್ಲು ಕಟಕಟ ಕಡಿಯುತ್ತ ನಕ್ಕೆವು,
ಬಿದ್ದು ಬಿದ್ದು, ಒಬ್ಬರನ್ನೊಬ್ಬರು ಹೊಡೆದುಕೊಂಡು.
ನಗು ಇನ್ನೂ ತೀರಿರಲಿಲ್ಲ,
ತೆಳು ನೀರಿನ ಜಾಗ; ದೋಣಿಯ ತಳಕ್ಕೆ ಕಲ್ಲು ತಾಗಿತು:
ಟಕ್. ಟಕ್ ಟಕ್.

ನಮ್ಮಲ್ಲಿ ಟೆಂಪೋ ನಿಲ್ಲಿಸಬೇಕಾದರೆ
ಜನ ತಗಡಿನ ಚಾವಣಿಗೆ ನಾಣ್ಯ ತಟ್ಟುತ್ತಾರೆ.
ಆ ಸದ್ದಿಗೆ ನಿದ್ದೆಯಲ್ಲೂ ಕಾಲು ಬ್ರೇಕು ಹುಡುಕುತ್ತದೆ.
ನಾಲ್ಕು ಬಲಗಾಲು ಒಟ್ಟಿಗೇ ರಬ್ಬರನ್ನು ಒತ್ತಿದವು.

ಫೂಲ್‌ಮಾಯಾ ತಳ ನೋಡುತ್ತ ಅಂದಳು:
'ಇಳಿಯುವವರಿದ್ದಾರೆ.'

ಆಗ ನೆನಪಾಯಿತು ನಮಗೆ.
ಅವಳ ತಮ್ಮ. ರಾತ್ರಿ ಬಸ್ಸಿನ ಕ್ಲೀನರ್ ಹುಡುಗ.
ಶ್ರಾವಣದ ಮಳೆ, ಜಾರಿದ ಗುಡ್ಡ, ಇದೇ ಹೊಳೆ.
ಹದಿಮೂರು ದಿನ ಅವಳ ಮನೆಯಲ್ಲಿ
ಸರದಿಯ ಮೇಲೆ ಕೂತವರು ನಾವೇ.
ಟಿಕೆಟ್ಟಿನ ಚೀಲ ಮಾತ್ರ ಸಿಕ್ಕಿದ್ದು ಗೊತ್ತಿತ್ತು,
ಬಸ್ಸಿನ ನಂಬರು ಗೊತ್ತಿತ್ತು,
ಹೊಳೆಯ ಹೆಸರೊಂದು ಹೇಗೋ ಮರೆತುಹೋಗಿತ್ತು.

ಏನೂ ತಿಳಿಯದ ಖಿಮ್ 'ಹುಟ್ಟು ಒಳಗೆ' ಅಂದ.
ದೋಣಿ ತನ್ನ ಪಾಡಿಗೆ ತಾನು ಸಾಗಿತು.
ಬಂಡೆಯ ಮೇಲೊಂದು ನೀರುಕಾಗೆ ರೆಕ್ಕೆ ಒಣಗಿಸುತ್ತಿತ್ತು.
ಪುತಲಿ ಏನೋ ಹೇಳಲು ಬಾಯಿ ತೆರೆದು
ಮೂಗು ಸೀನಿಕೊಂಡಳು.

ಫೂಲ್‌ಮಾಯಾ ಅಳಲಿಲ್ಲ.
ಬೊಗಸೆಯಲ್ಲಿ ನೀರೆತ್ತಿ ನೋಡಿ ಬಿಟ್ಟಳು.
ಆಮೇಲೆ ದೋಣಿಯ ಪಕ್ಕೆಗೆ
ಕ್ಲೀನರ್ ಹುಡುಗರು ಬಡಿಯುವ ಹಾಗೆ
ಅಂಗೈ ಅಗಲಿಸಿ ಎರಡು ಬಡಿತ:
ಹೋಗೋಣ.

ಮಾಲೇಖುವಿನ ಅಂಗಡಿಯಲ್ಲಿ ಹೊಳೆಮೀನು ಹುರಿಯುತ್ತಿದ್ದರು.
ನಾವು ಮೂವರೂ ಹಸಿವಿಲ್ಲ ಎಂದೆವು.
ಅವಳು ಎರಡು ತಟ್ಟೆ ತಿಂದಳು,
ಮೀನು ಸಣ್ಣದು, ಖಾರ ಸಾಲದು ಎಂದು ಜಗಳ ತೆಗೆದು
ಇಪ್ಪತ್ತು ರೂಪಾಯಿ ಇಳಿಸಿದಳು.